ಮಗುಚಿದ ಸಮುದ್ರ

ಫೆಬ್ರವರಿ 3, ಶುಕ್ರವಾರ

ದೊಡ್ಡ ಸಾರ್‌ಗೆ ಎಪ್ಪತ್ತೈದು ತುಂಬುತ್ತದಂತೆ. ಏಪ್ರಿಲ್‌ನಲ್ಲಿ ಮೂರು ದಿನದ ಸಭೆ ನಡೆಸಿ ಸನ್ಮಾನ ಮಾಡುತ್ತಾರಂತೆ. ಭೂವಿಜ್ಞಾನ ಕಲಿಸುವವರಿಗೆಲ್ಲ ಆಹ್ವಾನ ಹೋಗಿದೆ, ಹಾಗಾಗಿ ನಮ್ಮ ಕಾಲೇಜಿಗೂ ಬಂದಿದೆ. ನಾನು ಯಾರ ಹೆಂಡತಿ ಎಂದು ನೋಡಿ ಕಳಿಸಿದ್ದಲ್ಲ. ನೋಡಿದ್ದರೆ ಕಳಿಸುತ್ತಿರಲಿಲ್ಲ.

ಮೊದಲ ದಿನ ಹೊಗಳಿಕೆ. ಎರಡನೆಯ ದಿನ ಎಲ್ಲರೂ ಬಸ್ಸಿನಲ್ಲಿ ಸಮುದ್ರ ದಡದ ಕಡಲಬಂಡೆಗೆ, ಅವನಿಗೆ ಹೆಸರು ತಂದ ಬಂಡೆಗೆ, ಹೋಗಿ ಅವನ ಕೀರ್ತಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು. ಮೂರನೆಯ ದಿನ ಪ್ರಬಂಧಗಳು. ಎಲ್ಲ ಅದೇ ಸಭಾಂಗಣದಲ್ಲಿ.

ಅದೇ ಸಭಾಂಗಣದಲ್ಲಿ ನಾಲ್ಕು ವರ್ಷದ ಹಿಂದೆ ನನ್ನ ಗಂಡ ಎರಡು ಚಿಪ್ಪಿನ ಚಿತ್ರ ತೋರಿಸಿ, ಕಡಲಬಂಡೆ ತಲೆಕೆಳಗಾಗಿದೆ ಎಂದು ಹೇಳಿದ್ದರು. ಹಳೆಯದು ಕೆಳಗೆ, ಹೊಸದು ಮೇಲೆ ಎಂದುಕೊಂಡು ದೊಡ್ಡ ಸಾರ್ ಓದಿದ ಆ ಬಂಡೆ ಯಾವುದೋ ಕಾಲದಲ್ಲಿ ಇಡಿಯಾಗಿ ಮಗುಚಿಕೊಂಡಿದೆ, ಓದಿದ್ದೆಲ್ಲ ಹಿಂದುಮುಂದು ಎಂದು. ದೊಡ್ಡ ಸಾರ್ ಮುಂದಿನ ಸಾಲಿನಿಂದ ಏಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಕೂತಲ್ಲಿಂದಲೇ ಹೇಳಿದ: "ಬಂಡೆ ಸರಿಯಾಗೇ ನಿಂತಿದೆ ಕಣಯ್ಯ. ನೀನೇ ತಲೆಕೆಳಗಾಗಿ ನಿಂತು ನೋಡಿರಬೇಕು."

ಸಭೆಯೆಲ್ಲ ನಕ್ಕಿತು. ನಾನು ಹಿಂದಿನ ಸಾಲಿನಲ್ಲಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತೋಳು ತಟ್ಟಿ ತಟ್ಟಿ ನಕ್ಕಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಊಟಕ್ಕೂ ನಿಲ್ಲದೆ ಮನೆಗೆ ಬಂದೆವು. ಆಮೇಲೆ ಇವರಿಗೆ 'ತಲೆಕೆಳಗು' ಎಂದೇ ಹೆಸರಾಯಿತು. ಸಹೋದ್ಯೋಗಿಗಳು ಕರೆದರು, ವಿದ್ಯಾರ್ಥಿಗಳೂ ಕರೆದರು. ಇವರು ಮತ್ತೆ ಆ ಬಂಡೆಯ ಕಡೆ ಹೋಗಲಿಲ್ಲ, ಸುತ್ತಿಗೆ ಮುಟ್ಟಲಿಲ್ಲ. ಎರಡು ವರ್ಷಕ್ಕೆ ಎದೆ ನಿಂತಿತು. ಡಾಕ್ಟರು ರಕ್ತನಾಳ ಕಟ್ಟಿಕೊಂಡಿತ್ತು ಎಂದರು. ಏನು ಕಟ್ಟಿಕೊಂಡಿತ್ತು ಎಂದು ನನಗೆ ಗೊತ್ತು.

ಹೋಗುತ್ತೇನೆ. ಆ ಮಾತನ್ನು ಎಲ್ಲರ ಮುಂದೆ ಅವನಿಗೇ ವಾಪಸ್ ತಿನ್ನಿಸುತ್ತೇನೆ.

ಫೆಬ್ರವರಿ 5, ಭಾನುವಾರ

ನಾದಿನಿಗೆ ಹೇಳಿದೆ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾಳೆ. ಅಣ್ಣ ಹೋದ ಮೇಲೆ ಒಂದು ವಾರದ ಮಟ್ಟಿಗೆ ಎಂದು ಬಂದವಳು ಇನ್ನೂ ಹೋಗಿಲ್ಲ. ನಾನೂ ಹೋಗು ಎಂದಿಲ್ಲ. ತಲೆ ನರೆತರೂ ಮನೆಯಲ್ಲಿ ಅವಳು ಪುಟ್ಟಿಯೇ.

"ಪುಟ್ಟಿ, ಆ ಬಂಡೆಗೆ ಹೋಗಿ ಕಲ್ಲು ತರಬೇಕು. ಕಾರು ಬೇಕು," ಎಂದೆ.

"ನಮ್ಮ ಸ್ಕೂಲಿನ ಕಾರಿಗೆ ಎರಡೆರಡು ಬ್ರೇಕ್ ಇದೆ ಅತ್ತಿಗೆ. ನಿಮಗೆ ಒಂದೂ ಇಲ್ಲ."

"ಬರ್ತೀಯೋ ಇಲ್ವೋ ಹೇಳು."

"ಬರ್ತೀನಿ. ಅವನು ನನಗೂ ಅಣ್ಣ. ಆದ್ರೆ ಒಂದು ಮಾತು. ಅಣ್ಣ ಹೇಳಿದ್ದು ಸರೀನಾ?"

"ಅವರು ಸುಮ್ಮಸುಮ್ಮನೆ ಹೇಳೋರಲ್ಲ."

"ನಾನು ಕೇಳಿದ್ದು ಅದಲ್ಲ."

ಅವಳು ಟೀ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು.

ಫೆಬ್ರವರಿ 12, ಭಾನುವಾರ

ಬಂಡೆಯನ್ನು ಎದುರಿಗೆ ನಿಂತು ನೋಡಿ ಬಹಳ ವರ್ಷವಾಗಿತ್ತು. ಕೆಳಗಿನಿಂದ ಮೇಲಕ್ಕೆ ಐದು ಪಟ್ಟೆ. ತಳದಲ್ಲಿ, ಅಲೆ ಬಡಿಯುವ ಕಡೆ, ಬೂದು ಸುಣ್ಣಕಲ್ಲು. ಅದರ ತುಂಬ ಚಿಪ್ಪುಗಳು, ಕೆಸರಿನಲ್ಲಿ ಹುಳುಗಳು ಕೊರೆದ ಬಿಲಗಳು. ಅದರ ಮೇಲೆ ಕಪ್ಪು ಪದರ. ಉಗುರಿನಿಂದ ಕೆದಕಿದರೆ ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಒಂದು ಹಾಳೆಯೂ ಕಲಸಿಹೋಗಿಲ್ಲ, ಏಕೆಂದರೆ ಆ ಕೆಸರನ್ನು ಕಲಸಲು ಒಂದು ಹುಳುವೂ ಬದುಕಿರಲಿಲ್ಲ. ನೀರಿನಲ್ಲಿ ಉಸಿರೇ ಇಲ್ಲದೆ ಹೋದ ಕಾಲ ಅದು. ಸುತ್ತಿಗೆಯಿಂದ ಹೊಡೆದರೆ ಇವತ್ತಿಗೂ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ನಡುವೆ ದಪ್ಪನೆಯ ಹಸಿರು ಜೇಡಿಕಲ್ಲು; ಬರಿದೋ ಬರಿದು, ಹುಡುಕಿದರೆ ಎಲ್ಲೋ ಸಾಸಿವೆಯಷ್ಟು ಒಂದು ಚಿಪ್ಪು. ಅದರ ಮೇಲೆ ಮತ್ತೆ ಕಪ್ಪು. ತುದಿಯಲ್ಲಿ ಮತ್ತೆ ಚಿಪ್ಪು ತುಂಬಿದ ಸುಣ್ಣಕಲ್ಲು.

ದೊಡ್ಡ ಸಾರ್ ಇದನ್ನು ಓದಿದ್ದು ಹೀಗೆ: ಸಮುದ್ರ ಒಮ್ಮೆ ಸತ್ತಿತು, ಬಹುಕಾಲ ಬರಿದಾಗಿತ್ತು, ಇನ್ನೊಮ್ಮೆ ಸತ್ತಿತು, ಆಮೇಲೆ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮೊದಲಿನಂತೆ ಜೀವ ತುಂಬಿಕೊಂಡಿತು. ಎರಡು ಸಾವು, ಒಂದು ಮರುಹುಟ್ಟು. ಪಠ್ಯದಲ್ಲೂ ಸೇರಿಹೋಗಿದೆ. ಪ್ರತಿ ವರ್ಷ ನಾನೇ ಹಲ್ಲು ಕಚ್ಚಿಕೊಂಡು ಮಕ್ಕಳಿಗೆ ಹೇಳಿಕೊಡುತ್ತೇನೆ.

ತಳಕ್ಕೆ ಹೋಗಲು ಆಗಲಿಲ್ಲ, ನೀರು ಏರಿತ್ತು. ಮೇಲಿನಿಂದ ಇಳಿದು ತುದಿಯ ಸುಣ್ಣಕಲ್ಲಿನಲ್ಲಿ ಚಿಪ್ಪಿರುವ ತುಂಡುಗಳನ್ನು ಉಳಿಯಿಂದ ಬಿಡಿಸಿದೆ. ಯಾವುದು ಮೇಲುಮುಖ ಎಂದು ಪ್ರತಿಯೊಂದಕ್ಕೂ ಬಾಣದ ಗುರುತು ಹಾಕಿದೆ. ಪುಟ್ಟಿ ಮೇಲೆ ಹಗ್ಗ ಹಿಡಿದು ನಿಂತಿದ್ದಳು.

"ಬೀಳಬೇಡಿ ಅತ್ತಿಗೆ. ನೀವು ಬಿದ್ರೆ ಆ ಮುದುಕನಿಗೆ ಇನ್ನೊಂದು ಸನ್ಮಾನ."

ನಗು ಬಂತು. ನಗಲಿಲ್ಲ.

ಫೆಬ್ರವರಿ 16, ಗುರುವಾರ

ಕಾಲೇಜಿನಲ್ಲಿ ಹೊಸ ಉಪನ್ಯಾಸಕರೊಬ್ಬರು ಕೇಳಿದರು, "ಮೇಡಂ, ನೀವೂ ದೊಡ್ಡ ಸಾರ್ ಸಭೆಗೆ ಹೋಗ್ತೀರಂತೆ? ಅವರಂಥ ಮನುಷ್ಯ ಸಿಗೋದಿಲ್ಲ ಬಿಡಿ."

"ಸಿಗಬಾರದು," ಎಂದೆ.

ಫೆಬ್ರವರಿ 26, ಭಾನುವಾರ

ಕಾಲೇಜಿನ ಕಲ್ಲು ಕೊಯ್ಯುವ ಯಂತ್ರದಲ್ಲಿ ವಾರವೆಲ್ಲ ಕೊಯ್ದೆ. ಉಜ್ಜಿ ನುಣುಪು ಮಾಡಿ ಕಿಟಕಿಯ ಬೆಳಕಿನಲ್ಲಿ ಸಾಲಾಗಿ ಇಟ್ಟೆ.

ಸತ್ತ ಚಿಪ್ಪಿನೊಳಗೆ ಕೆಸರು ನುಗ್ಗಿ ಅರ್ಧ ತುಂಬಿ ತಳಕ್ಕೆ ಕೂರುತ್ತದೆ. ಮೇಲೆ ಉಳಿದ ಟೊಳ್ಳಿನಲ್ಲಿ ಆಮೇಲೆ ಬಿಳಿ ಹರಳು ಬೆಳೆಯುತ್ತದೆ. ಅರ್ಧ ಕುಡಿದಿಟ್ಟ ಲೋಟದಂತೆ. ಕೆಸರು ಇರುವ ಕಡೆ ಅಂದಿನ ನೆಲ, ಹರಳು ಇರುವ ಕಡೆ ಅಂದಿನ ಆಕಾಶ. ಇದಕ್ಕಿಂತ ನೇರವಾದ ಸಾಕ್ಷಿ ಕಲ್ಲಿನಲ್ಲಿ ಇನ್ನೊಂದಿಲ್ಲ.

ನನ್ನ ತುಂಡುಗಳಲ್ಲಿ ಹರಳು ಕೆಳಗಿತ್ತು. ಕೆಸರು ಮೇಲಿತ್ತು. ಒಂದರಲ್ಲಲ್ಲ, ಎರಡರಲ್ಲಲ್ಲ, ಇಟ್ಟ ಎಲ್ಲದರಲ್ಲೂ. ಅವತ್ತು ಸಭೆಯಲ್ಲಿ ದೊಡ್ಡ ಸಾರ್ ಇನ್ನೊಂದು ಮಾತನ್ನೂ ಸೇರಿಸಿದ್ದ: "ಬಿರುಗಾಳಿಗೆ ಒಂದು ಚಿಪ್ಪು ಮಗುಚಿದ್ರೆ ಸಮುದ್ರವೇ ಮಗುಚಿಬಿಡುತ್ತೇನಯ್ಯ?" ಇಷ್ಟು ಚಿಪ್ಪನ್ನು ಒಟ್ಟಿಗೆ ಮಗುಚುವ ಬಿರುಗಾಳಿ ಯಾವುದೋ ಈಗ ಹೇಳಲಿ.

ಹೊಟ್ಟೆ ತಣ್ಣಗಾಯಿತು. ಪುಟ್ಟಿ ಕೇಳದೆಯೇ ಎರಡನೆಯ ಸಲ ಬಡಿಸಿದಳು, ನಾನು ಬೇಡ ಎನ್ನಲಿಲ್ಲ. ಸಭೆಗೆ ಪ್ರಬಂಧದ ಹೆಸರು ಕಳಿಸಿಬಿಟ್ಟೆ: 'ಕಡಲಬಂಡೆಯ ಚಿಪ್ಪುಗಳು: ಕೆಲವು ಟಿಪ್ಪಣಿಗಳು.' ಎಷ್ಟು ಸಾಧುವಾದ ಹೆಸರು! ಯಾರೂ ಎರಡನೆಯ ಸಲ ಓದುವುದಿಲ್ಲ.

ಮಾರ್ಚ್ 5, ಭಾನುವಾರ

ಹೋಗಬಾರದಿತ್ತು.

ಇಂದು ಸಮುದ್ರ ಚೆನ್ನಾಗಿ ಹಿಂದೆ ಸರಿದಿತ್ತು. ತಳದ ಸುಣ್ಣಕಲ್ಲಿನವರೆಗೂ ನಡೆದುಕೊಂಡೇ ಹೋದೆವು. ಇವರು ಇಲ್ಲಿಗೆ ಬಂದೇ ಇರಲಿಲ್ಲ. ಮೇಲಿನ ಚಿಪ್ಪು ನೋಡಿ, ಇಡೀ ಬಂಡೆ ಮಗುಚಿದೆ ಎಂದು ತೀರ್ಮಾನಿಸಿದ್ದರು. ಪೂರ್ತಿ ಮಾಡೋಣ, ಯಾರೂ ಬೆರಳು ತೋರಿಸಬಾರದು ಎಂದು ನಾನು ತಳದಿಂದಲೂ ತುಂಡು ತೆಗೆದೆ. ಅಲ್ಲಿ ಒಂದು ಚಿಪ್ಪು ತಾನೇ ಒಡೆದು ಬಾಯಿಬಿಟ್ಟುಕೊಂಡಿತ್ತು. ಕೊಯ್ಯುವುದೂ ಬೇಕಿರಲಿಲ್ಲ.

ಕೆಸರು ಕೆಳಗೆ. ಹರಳು ಮೇಲೆ.

ಇನ್ನೊಂದು ನೋಡಿದೆ. ಮತ್ತೊಂದು. ಮಂಡಿಯೂರಿ ಬಂಡೆಯುದ್ದಕ್ಕೂ ತೆವಳಿದೆ. ಎಲ್ಲ ಸರಿಯಾಗಿಯೇ ಕೂತಿದ್ದವು, ಪಾಠ ಕೇಳುವ ಮಕ್ಕಳಂತೆ. ತಳ ಮಗುಚಿಲ್ಲ. ಇಡೀ ಬಂಡೆ ಮಗುಚಿದೆ ಎಂಬುದು ಸುಳ್ಳು.

"ಏನಾಯ್ತು ಅತ್ತಿಗೆ? ಮುಖ ಯಾಕೆ ಹೀಗಾಯ್ತು?" ಎಂದಳು ಪುಟ್ಟಿ.

"ಏನಿಲ್ಲ. ಬಿಸಿಲು."

ಮಾರ್ಚ್ 6, ಸೋಮವಾರ

ತಳದ ಚಿಪ್ಪುಗಳನ್ನು ಯಾರೂ ನೋಡಿಲ್ಲ. ನಾನು ತೋರಿಸದಿದ್ದರೆ ಯಾರೂ ನೋಡುವುದೂ ಇಲ್ಲ. ಮೇಲಿನವು ಸಾಕು ಅವನ ಬಾಯಿ ಮುಚ್ಚಿಸಲು. ತಳದ ತುಂಡುಗಳನ್ನು ಚೀಲ ಸಮೇತ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ತಳ್ಳಿದ್ದೇನೆ.

ಮಾರ್ಚ್ 8, ಬುಧವಾರ

ಚೀಲ ವಾಪಸ್ ತಂದೆ. ಪ್ರಾಮಾಣಿಕತೆಗಲ್ಲ. ಬಂದವರಲ್ಲಿ ಒಬ್ಬರಾದರೂ ಕೆಳಗೆ ಇಳಿದು ನೋಡಿದರೆ ನಗು ಮತ್ತೆ ನಮ್ಮ ಮನೆಯ ಮೇಲೆಯೇ ಬೀಳುತ್ತದೆ. ಈ ಸಲ ಅವನು ಏಳುವುದೂ ಬೇಡ, ಬಾಯಿ ಬಿಡುವುದೂ ಬೇಡ.

ಆದರೆ ತಳ ಸರಿ, ತುದಿ ಮಗುಚಿದೆ ಎಂದರೆ ಏನರ್ಥ? ತಲೆ ಕೆಟ್ಟುಹೋಗಿದೆ.

ಮಾರ್ಚ್ 14, ಮಂಗಳವಾರ

ಸಿಕ್ಕಿತು.

ಬಂಡೆಗೆ ಹೋದಾಗ ಎರಡು ಕಪ್ಪು ಪದರಗಳಿಂದಲೂ ತಂದಿದ್ದ ತುಂಡುಗಳನ್ನು ಕಾಲೇಜಿನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದೆ. ಕೆಳಗಿನ ಕಪ್ಪಿನಲ್ಲಿ, ಅಡಿಯಲ್ಲಿ, ಜ್ವಾಲಾಮುಖಿಯ ಬೂದಿ ಬಿದ್ದ ಒಂದು ಬಿಳಿ ಗೆರೆ. ಅದರ ಮೇಲೆ ಜೋಡಿ ತೆಳು ಗೆರೆ. ಅದರ ಮೇಲೆ ಗಂಧಕ ಬೆರೆತ ಕಬ್ಬಿಣದ ಹೊಳೆಯುವ ಕಣಗಳ ಪಟ್ಟಿ. ಮೇಲಿನ ಕಪ್ಪಿನಲ್ಲೂ ಅವೇ ಮೂರು. ಆದರೆ ಕಣಗಳ ಪಟ್ಟಿ ಅಡಿಯಲ್ಲಿ, ಜೋಡಿ ಗೆರೆ ನಡುವೆ, ಬೂದಿಯ ಗೆರೆ ತುದಿಯಲ್ಲಿ. ಮೇಲಿನ ತುಂಡನ್ನು ಕೈಯಲ್ಲಿ ಎತ್ತಿ ತಿರುವಿ ಪಕ್ಕಕ್ಕಿಟ್ಟೆ. ಗೆರೆಗೆ ಗೆರೆ ಕೂಡಿಕೊಂಡಿತು.

ಅವು ಎರಡು ಪದರಗಳಲ್ಲ. ಒಂದೇ. ಭೂಮಿ ಅದನ್ನು ಕಂಬಳಿಯಂತೆ ಮಡಿಸಿ ಹಾಕಿದೆ. ಕೆಳಗಿನ ಅರ್ಧ ನೆಟ್ಟಗಿದೆ, ಮೇಲಿನ ಅರ್ಧ ಮಗುಚಿದೆ, ನಡುವಿನ ಹಸಿರು ಜೇಡಿ ಮಡಿಕೆಯೊಳಗೆ ಸಿಕ್ಕಿದೆ.

ಕಾರಿಡಾರಿನಲ್ಲಿ ಜವಾನ ಏನಾಯಿತು ಮೇಡಂ ಎಂದು ಓಡಿ ಬಂದ. ನಾನು ಕೂಗಿದ್ದೆನಂತೆ.

ಮಾರ್ಚ್ 15, ಬುಧವಾರ

ನಿಧಾನವಾಗಿ ಬರೆಯುತ್ತೇನೆ, ಅವನ ಮುಂದೆ ಹೇಳಬೇಕಾದ್ದನ್ನು ಇಲ್ಲೇ ಹೇಳಿ ನೋಡುತ್ತೇನೆ.

ಎರಡು ಸಾವುಗಳಿಲ್ಲ ಸಾರ್, ಒಂದೇ. ಒಂದನ್ನೇ ನೀವು ಎರಡು ಸಲ ಎಣಿಸಿದ್ದೀರಿ. ಇನ್ನು ನಿಮ್ಮ ಮರುಹುಟ್ಟು. ತುದಿಯಲ್ಲಿರುವ ಚಿಪ್ಪು ತುಂಬಿದ ಸುಣ್ಣಕಲ್ಲು ಸಮುದ್ರ ಚೇತರಿಸಿಕೊಂಡ ಮೇಲಿನದಲ್ಲ. ತಳದಲ್ಲಿರುವುದೇ ಅದು, ಸಾಯುವ ಮೊದಲಿನದು, ಸುತ್ತಿ ಮೇಲೆ ಬಂದಿದೆ. ಚೇತರಿಕೆ ಆ ಬಂಡೆಯಲ್ಲಿ ಇಲ್ಲವೇ ಇಲ್ಲ. ಸಮುದ್ರ ಸತ್ತಿತು, ಬರಿದಾಯಿತು, ಆ ಬರಿದಿನಲ್ಲೇ ಬಂಡೆಯ ಮಾತು ಮುಗಿಯುತ್ತದೆ. ಎಷ್ಟು ಕಾಲ ಹಾಗಿತ್ತೋ ಅದು ಹೇಳುವುದಿಲ್ಲ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಸಮುದ್ರ ತುಂಬಿಕೊಳ್ಳುತ್ತದೆ ಎಂದು ನೀವು ಒಂದು ತಲೆಮಾರಿಗೆ ಸಮಾಧಾನ ಹೇಳಿದಿರಲ್ಲ, ಅದಕ್ಕೆ ಆಧಾರವಿಲ್ಲ.

ಇಷ್ಟು ಸಾಕು. ಬುಡದಿಂದ ತುದಿಯವರೆಗೆ ಬೀಳುತ್ತಾನೆ.

ಇವರಿಗೆ ಮಾತ್ರ ಇದು ಯಾಕೆ ಕಾಣಲಿಲ್ಲವೋ. ಒಂದು ದಿನ ನೀರಿಳಿಯುವವರೆಗೆ ಕಾದು ತಳಕ್ಕೆ ಇಳಿದಿದ್ದರೆ ಸಾಕಿತ್ತು. ಆತುರ. ಅಡುಗೆಮನೆಯಲ್ಲೂ ಅಷ್ಟೇ, ಹಾಲು ಕಾಯುವ ಮೊದಲೇ ಇಳಿಸುತ್ತಿದ್ದರು. ಫೋಟೋದ ಮುಂದೆ ನಿಂತು ಬೈದೆ.

ಏಪ್ರಿಲ್ 2, ಭಾನುವಾರ

ಪುಟ್ಟಿ ದೊಡ್ಡ ಸಾರ್ ಆದಳು. ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, "ಏನಮ್ಮ, ಏನೋ ಚಿಪ್ಪು ಗಿಪ್ಪು ತಂದಿದ್ದೀಯಂತೆ?" ಎಂದಳು. ನಾನು ಪೂರ್ತಿ ಒಪ್ಪಿಸಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಈ ಮನೆಯಲ್ಲಿ ಇಷ್ಟು ಸದ್ದಾಗಿ ಎಷ್ಟು ದಿನವಾಗಿತ್ತೋ.

ಕೊನೆಗೆ ಅವಳು ಕನ್ನಡಕ ತೆಗೆದು ಕೇಳಿದಳು, "ಅಣ್ಣನ ವಿಷಯ ಏನು ಹೇಳ್ತೀರಿ?"

"ಅವರು ಹೇಳಿದ್ದು ಸರಿ ಅಂತಲೇ ಹೇಳೋದು."

"ಸರಿಯಿಲ್ವಲ್ಲ ಅತ್ತಿಗೆ. ಅರ್ಧ ತಾನೇ ಸರಿ."

"ಅಷ್ಟು ಸಾಕು ಅವನಿಗೆ."

ಒಂದು ವಾಕ್ಯವನ್ನು ಕಂಠಪಾಠ ಮಾಡಿಟ್ಟಿದ್ದೇನೆ: ನೀವೇ ತಲೆಕೆಳಗಾಗಿ ನಿಂತು ನೋಡಿದ್ದೀರಿ ಸಾರ್. ಹಲ್ಲುಜ್ಜುವಾಗಲೂ ಹೇಳಿಕೊಳ್ಳುತ್ತೇನೆ.

ಏಪ್ರಿಲ್ 19, ಬುಧವಾರ

ಎರಡು ಬಸ್ಸು ಜನ. ಬಣ್ಣದ ಟೋಪಿಗಳು, ನೀರಿನ ಬಾಟಲಿಗಳು. ದೊಡ್ಡ ಸಾರ್‌ನನ್ನು ಇಬ್ಬರು ಹಿಡಿದುಕೊಂಡು ಮರಳಿನ ಮೇಲೆ ನಡೆಸಿಕೊಂಡು ಬಂದರು. ಮುದುಕನಾಗಿದ್ದಾನೆ. ನೋಡಿ ನನಗೆ ಕರುಣೆ ಬರಲಿಲ್ಲ ಎಂದು ಬರೆದಿಡುತ್ತೇನೆ.

ಅವನು ಕೋಲು ಎತ್ತಿ ಎರಡು ಕಪ್ಪು ಪಟ್ಟೆಗಳನ್ನು ತೋರಿಸಿ ಹಳೆಯ ಕಥೆಯನ್ನೇ ಹೇಳಿದ. ಚಪ್ಪಾಳೆ. ಪ್ರಶ್ನೆ ಇದ್ದರೆ ಕೇಳಿ ಎಂದರು. ನಾನು ಮುಂದೆ ಹೋಗಿ ಚೀಲದಿಂದ ಎರಡು ತುಂಡು ಕಪ್ಪು ಕಲ್ಲು ತೆಗೆದು ಅವನ ಕೈಗೆ ಕೊಟ್ಟೆ.

"ಇದು ಕೆಳಗಿಂದು ಸಾರ್, ಇದು ಮೇಲಿಂದು. ಮೇಲಿಂದನ್ನ ತಿರುಗಿಸಿ ಹಿಡೀರಿ."

ಅವನು ಕಿಸೆಯಿಂದ ಭೂತಗನ್ನಡಿ ತೆಗೆದ. ತಿರುಗಿಸಿದ. ಸುತ್ತಲಿದ್ದವರಿಗೆ ಏನೂ ಅರ್ಥವಾಗಲಿಲ್ಲ, ಅವನಿಗೆ ಆಯಿತು. ಕತ್ತಿನ ನರ ಎದ್ದು ನಿಂತದ್ದನ್ನು ನಾನು ನೋಡಿದೆ. ಆಮೇಲೆ ತಳದ ಚಿಪ್ಪು ಕೊಟ್ಟೆ, ತುದಿಯ ಚಿಪ್ಪು ಕೊಟ್ಟೆ. ಅವನು ಬಂಡೆಯತ್ತ ನೋಡಿದ. ಕೈಯಲ್ಲಿದ್ದ ಕಲ್ಲು ನೋಡಿದ. ಮತ್ತೆ ಬಂಡೆ ನೋಡಿದ.

"ನೀವು ಯಾರಮ್ಮ?"

ಹೇಳಿದೆ. ಗುಂಪಿನಲ್ಲಿ ಯಾರೋ "ತಲೆಕೆಳಗು" ಎಂದು ಪಿಸುಗುಟ್ಟಿದ್ದು ಗಾಳಿಯಲ್ಲೂ ಕೇಳಿಸಿತು.

"ಮಡಿಕೆ," ಎಂದ ಅವನು, ತನಗೆ ತಾನೇ ಹೇಳಿಕೊಳ್ಳುವಂತೆ. ನಂತರ, "ನಿಮ್ಮ ಯಜಮಾನರು ಅವತ್ತು ಹೇಳಿದ್ದು ಇದೇನಾ?"

ಹೌದು ಎನ್ನಬೇಕಿತ್ತು. ಒಂದೇ ಶಬ್ದ. ಎಲ್ಲರೂ ಕೇಳುತ್ತಿದ್ದರು, ನನ್ನ ಜೊತೆ ಬಂದಿದ್ದ ಪುಟ್ಟಿಯೂ ಕೇಳುತ್ತಿದ್ದಳು. ಅವರ ಮರ್ಯಾದೆ ಮರಳಿ ಬರುತ್ತಿತ್ತು, ನಾನು ಬಂದದ್ದೇ ಅದಕ್ಕೆ. ಆದರೆ ಬಾಯಿಂದ ಬಂದದ್ದು ಬೇರೆ.

"ಅಲ್ಲ. ಅವರು ಇಡೀ ಬಂಡೆ ಮಗುಚಿದೆ ಅಂದ್ರು. ಅವರಿಗೂ ಮಡಿಕೆ ಕಾಣಲಿಲ್ಲ. ಇದನ್ನ ಕಂಡಿದ್ದು ನಾನು."

ಅವನಿಗೆ ಉಸಿರು ಬಂದಂತಾಯಿತು. ಸ್ವಲ್ಪ ನಕ್ಕ. "ಹಾಗಿದ್ರೆ ಅವರು ಹೇಳಿದ್ದೂ ತಪ್ಪೇ ಆಯ್ತಲ್ಲಮ್ಮ."

"ಹೌದು ಸಾರ್. ತಪ್ಪು ಹೇಳಿದವರು ಇಬ್ಬರು. ನಗಿಸಿದವರು ಒಬ್ಬರೇ."

ಅವನು ಕಲ್ಲುಗಳನ್ನು ನನ್ನ ಕೈಗೆ ವಾಪಸ್ ಕೊಡಲು ಹೋಗಿ ಒಂದನ್ನು ಬೀಳಿಸಿದ. ಯಾರೋ ಓಡಿ ಬಂದು ಎತ್ತಿಕೊಟ್ಟರು. ಕಂಠಪಾಠ ಮಾಡಿದ್ದ ವಾಕ್ಯ ನೆನಪಿಗೇ ಬರಲಿಲ್ಲ. ಪರವಾಗಿಲ್ಲ, ಇದೇ ಹೆಚ್ಚು ತಾಗಿತು. ವಾಪಸ್ಸು ಬರುವಾಗ ಅವನು ಬಸ್ಸಿನ ಮುಂದಿನ ಸೀಟಿನಲ್ಲಿ ಒಬ್ಬನೇ ಕೂತಿದ್ದ.

ಏಪ್ರಿಲ್ 20, ಗುರುವಾರ

ಇವತ್ತು ಸಭಾಂಗಣ ತುಂಬಿತ್ತು. ನಿನ್ನೆಯ ಸುದ್ದಿ ಹರಡಿ, ಪಕ್ಕದ ವಿಭಾಗದವರೂ ಬಂದು ಗೋಡೆಗೆ ಒರಗಿ ನಿಂತಿದ್ದರು. ದೊಡ್ಡ ಸಾರ್ ಬಂದ, ಮುಂದಿನ ಸಾಲಿನಲ್ಲೇ ಕೂತ. ನಾನು ಚಿಪ್ಪು, ಗೆರೆ, ಬೂದಿ ಎಲ್ಲ ತೋರಿಸಿದೆ. ಧ್ವನಿ ನಡುಗಲಿಲ್ಲ. ಮುಗಿಸಿದಾಗ ಚಪ್ಪಾಳೆ ನಿಲ್ಲಲಿಲ್ಲ. ಆ ಚಪ್ಪಾಳೆ ಯಾವ ಗೋಡೆಗಳಿಗೆ ತಾಗಿ ಬರುತ್ತಿದೆ ಎಂದು ನನಗೆ ಗೊತ್ತಿತ್ತು. ಎದೆ ತುಂಬಿತು.

ಪ್ರಶ್ನೆಗೆ ಎದ್ದವಳು ಒಬ್ಬಳೇ. ಕತ್ತರಿಸಿದ ಕೂದಲು, ಹೆಗಲಿಗೆ ಚೀಲ, ಸಂಶೋಧನೆ ಮಾಡುವ ಹುಡುಗಿ ಇರಬೇಕು. ಮೈಕು ಹಿಡಿದ ಕೈ ಬಿಗಿಯಾಗಿತ್ತು.

"ಮೇಡಂ, ಮಡಿಕೆ ಅಂದ್ರೆ ಎಲ್ಲೋ ಒಂದು ಕಡೆ ಬಾಗಿರಬೇಕಲ್ವಾ? ನೀವು ಆ ಬಾಗಿದ ಜಾಗ ತೋರಿಸಲಿಲ್ಲ. ಮೇಲಿನ ಭಾಗ ಬೇರೆ ಕಡೆಯಿಂದ ಜಾರಿ ಬಂದು ಮಗುಚಿ ಕೂತ ತುಂಡೂ ಆಗಿರಬಹುದಲ್ವಾ?"

ಆ ಬಾಗಿದ ಜಾಗ ನಾನು ನೋಡಿಲ್ಲ. ಎಲ್ಲಿದೆ ಎಂದೂ ಗೊತ್ತಿಲ್ಲ. ಆದರೆ ಇಷ್ಟು ಕಷ್ಟಪಟ್ಟು ಇಲ್ಲಿಗೆ ಬಂದು ನಿಂತು, ಯಾರೋ ಒಬ್ಬಳು ನನ್ನ ಕೈಯಿಂದ ಇದನ್ನು ಕಿತ್ತುಕೊಳ್ಳುವುದೇ? ಮಾತು ತಾನಾಗಿ ಬಂತು.

"ಮಡಿಕೆ ನೋಡಬೇಕು ಅಂದ್ರೆ ಇಸ್ತ್ರಿ ಅಂಗಡಿಗೆ ಹೋಗಬೇಕಮ್ಮ, ಸಮುದ್ರಕ್ಕಲ್ಲ."

ಸಭೆಯೆಲ್ಲ ನಕ್ಕಿತು. ಗೋಡೆಗೆ ಒರಗಿದ್ದವರೂ ನಕ್ಕರು. ಹುಡುಗಿ ಕೂತಳು. ಚೆನ್ನಾಗಿತ್ತು.

ಹೊರಗೆ ದೊಡ್ಡ ಸಾರ್ ನನ್ನ ಹತ್ತಿರ ಬಂದ. ತಲೆ ತಗ್ಗಿಸುತ್ತಾನೆ ಎಂದುಕೊಂಡೆ. ಅವನು ನನ್ನ ಕೈ ಕುಲುಕಿದ.

"ಭೇಷ್, ಚೆನ್ನಾಗಿ ಕೊಟ್ರಿ. ನಾನಿದ್ದಿದ್ರೂ ಹಾಗೇ ಹೇಳ್ತಿದ್ದೆ."

ಕೈ ಬಿಡಿಸಿಕೊಂಡು ಬಂದು ಎರಡು ಸಲ ತೊಳೆದೆ.

ಏಪ್ರಿಲ್ 21, ಶುಕ್ರವಾರ

ಗೆದ್ದಿದ್ದೇನೆ. ಫೋನ್ ಮೇಲೆ ಫೋನ್. ಸಂತೋಷವಾಗಬೇಕು.

ಪುಟ್ಟಿ ನಿನ್ನೆ ದಾರಿಯುದ್ದಕ್ಕೂ ಮಾತಾಡಿರಲಿಲ್ಲ. ದಣಿವಿರಬೇಕು ಎಂದುಕೊಂಡೆ. ಇವತ್ತೂ ಹಾಗೆಯೇ ಇದ್ದಳು. ಕೊನೆಗೆ ನಾನೇ ಕೇಳಿದೆ, "ಏನೇ ಅದು, ಮೂತಿ ಊದಿಸಿಕೊಂಡು?"

"ಆ ಹುಡುಗಿ ಊಟಕ್ಕೆ ನಿಲ್ಲಲಿಲ್ಲ ಅತ್ತಿಗೆ."

"ಯಾವ ಹುಡುಗಿ?"

"ಯಾವ ಹುಡುಗಿ ಅಂತ ನಿಮಗೆ ಗೊತ್ತು. ಕಾರ್ ಪಾರ್ಕಿಂಗ್‌ನಲ್ಲಿ ನನ್ನ ಮುಂದೇನೇ ಹೋದ್ಲು. ಚೀಲದ ಜಿಪ್ ಹಾಕೋಕೂ ಬರ್ತಿರಲಿಲ್ಲ ಅವಳಿಗೆ."

"ಅದಕ್ಕೆ ನಾನೇನು ಮಾಡ್ಲಿ? ಒಂದು ಮಾತು ತಡಕೊಳ್ಳೋಕೆ ಆಗದಿದ್ರೆ ಈ ಕೆಲಸಕ್ಕೆ ಯಾಕೆ ಬರಬೇಕು?"

ಪುಟ್ಟಿ ಕಾರಿನ ಕೀ ತೆಗೆದುಕೊಂಡು ಕೆಲಸಕ್ಕೆ ಹೋದಳು. ಬಾಗಿಲು ಹಾಕಿದ ಸದ್ದು ಜೋರಾಗಿತ್ತು.

ಏಪ್ರಿಲ್ 23, ಭಾನುವಾರ

ನಾನಿದ್ದಿದ್ರೂ ಹಾಗೇ ಹೇಳ್ತಿದ್ದೆ. ನಾನಿದ್ದಿದ್ರೂ ಹಾಗೇ ಹೇಳ್ತಿದ್ದೆ. ಕಿವಿಯಲ್ಲಿ ಕೂತುಬಿಟ್ಟಿದೆ. ಅವನ ಮೆಚ್ಚುಗೆ ಯಾರಿಗೆ ಬೇಕಿತ್ತು? ಬೈದಿದ್ದರೆ ಸಹಿಸುತ್ತಿದ್ದೆ. ಅವನು ಮೆಚ್ಚಿದ್ದು ಯಾವುದೂ ನನ್ನ ಹತ್ತಿರ ಇರಬಾರದು. ಒಂದು ಚೂರೂ ಇರಬಾರದು.

ಏಪ್ರಿಲ್ 25, ಮಂಗಳವಾರ

ಸಭೆ ನಡೆಸಿದವರಿಗೆ ಫೋನ್ ಮಾಡಿ ಹುಡುಗಿಯ ಪ್ರಯೋಗಾಲಯ ಎಲ್ಲಿದೆ ಎಂದು ತಿಳಿದುಕೊಂಡೆ. ಕ್ಷಮೆ ಕೇಳುವುದಕ್ಕಲ್ಲ. ಕಲ್ಲು ಕೊಡುವುದಕ್ಕೆ. ಪ್ರಶ್ನೆ ಕೇಳಿದವರಿಗೆ ಮಾದರಿ ತೋರಿಸುವುದು ಈ ವೃತ್ತಿಯ ಪದ್ಧತಿ, ಅಷ್ಟೇ.

ಉದ್ದನೆಯ ಕೋಣೆ, ಮೇಜಿನ ತುಂಬ ನಕ್ಷೆಗಳು. ನನ್ನನ್ನು ನೋಡಿ ಅವಳು ಎದ್ದು ನಿಂತಳು, ಕೂತುಕೊಳ್ಳಿ ಎನ್ನಲಿಲ್ಲ. ಚೀಲವನ್ನು ಮೇಜಿನ ಮೇಲಿಟ್ಟೆ.

"ಇದೆಲ್ಲ ಕಡಲಬಂಡೆಯದು. ನೀನೇ ನೋಡಲಿ ಅಂತ ತಂದೆ."

"ನನಗೆ ಯಾಕೆ ಮೇಡಂ? ಇಸ್ತ್ರಿ ಅಂಗಡಿಯಲ್ಲಿ ಕಲ್ಲಿಗೇನು ಕೆಲಸ?"

ಸರಿಯಾಗಿಯೇ ಕೊಟ್ಟಳು. ಆಮೇಲೆ ಅವಳು ಹೇಳಿದಳು, "ಆ ಜಾಗ ನೋಡಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನು ನಿಮ್ಮನ್ನ ಬೀಳಿಸೋಕೆ ಕೇಳಿದ್ದಲ್ಲ. ನಿಮ್ಮ ಮಾತು ಸರಿ ಅನ್ನಿಸಿದ್ದಕ್ಕೇ ಕೇಳಿದ್ದು."

"ನೋಡಿಲ್ಲ," ಎಂದೆ.

"ಏನು?"

"ಬಾಗಿದ ಜಾಗ ನಾನು ನೋಡಿಲ್ಲ. ಎಲ್ಲಿದೆ ಅಂತಲೂ ಗೊತ್ತಿಲ್ಲ."

ಇಷ್ಟು ಹೇಳಲು ಬಾಯಿ ಒಣಗಿತು. ಸೆಖೆ ಬಹಳ ಇತ್ತು ಕೋಣೆಯಲ್ಲಿ. ಅವಳು ಗೋಡೆಗೆ ಒರಗಿಸಿದ್ದ ಒಂದು ನಕ್ಷೆ ಎಳೆದು ಬಿಡಿಸಿದಳು. ಬಂಡೆಯ ಹಿಂದೆ, ಒಳನಾಡಿನ ಕಡೆ, ಕೈಬಿಟ್ಟ ಒಂದು ಕಲ್ಲುಗಣಿ ಇದೆಯಂತೆ. ಪದರಗಳ ಓಟ ನೋಡಿದರೆ ಅವು ಬಾಗಿರಬೇಕಾದದ್ದು ಅದರ ಸುತ್ತಮುತ್ತಲೇ ಎಂದು ಅವಳ ಲೆಕ್ಕ. ಒಬ್ಬಳೇ ಹೋಗಲು ಗಾಡಿ ಇರಲಿಲ್ಲವಂತೆ.

"ನಮ್ಮ ಹತ್ತಿರ ಇದೆ," ಎಂದೆ. "ಎರಡು ಬ್ರೇಕಿನದು."

ಅವಳಿಗೆ ಅರ್ಥವಾಗಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಕಲ್ಲಿನ ಚೀಲವನ್ನು ಮಾತ್ರ ತನ್ನ ಕಡೆಗೆ ಎಳೆದುಕೊಂಡಳು.

ಮೇ 6, ಶನಿವಾರ

ಮೊನ್ನೆ ಹುಡುಗಿ ತಾನೇ ಫೋನ್ ಮಾಡಿ ಗಣಿಗೆ ಹೋಗುವ ದಿನ ಹೇಳಿದಳು. ಪುಟ್ಟಿ ಓಡಿಸಿದಳು. ಹುಡುಗಿ ಮುಂದೆ ಕೂತಳು, ನಾನು ಹಿಂದೆ. ದಾರಿಯಲ್ಲಿ ಇಬ್ಬರೂ ಕ್ಲಚ್ಚಿನ ಬಗ್ಗೆ ಮಾತಾಡಿದರು.

ಗಣಿಯಲ್ಲಿ ಮುಳ್ಳುಪೊದೆ ಬೆಳೆದಿತ್ತು. ಕತ್ತಿಯಿಂದ ಕಡಿದುಕೊಂಡು ಒಳಗೆ ಹೋಗಿ ಮೊದಲ ಗೋಡೆ ನೋಡಿದೆವು, ಏನೂ ಇರಲಿಲ್ಲ. ಎರಡನೆಯದರಲ್ಲಿ ಬರಿ ಹಸಿರು ಜೇಡಿ. ನಾನು ನೆರಳಿಗೆ ಕೂತು ನೀರು ಕುಡಿಯುತ್ತಿದ್ದೆ. ಆ ಕಡೆಯಿಂದ ಅವಳು ಕೂಗಿದಳು. ಮೇಡಂ ಎಂದಲ್ಲ, ಬರಿ "ಬನ್ನಿ, ಬನ್ನಿ, ಬೇಗ ಬನ್ನಿ!"

ಹೋಗಿ ನೋಡಿದೆ. ಗೋಡೆಯ ಕೆಳಗೆ ಕಪ್ಪು ಪದರ ಬಲಗಡೆಯಿಂದ ಬಂದು, ಮಡಿಸಿದ ಮೊಣಕೈಯಂತೆ ಬಾಗಿ, ಹಸಿರು ಜೇಡಿಯನ್ನು ಒಳಗೆ ಅವುಚಿಕೊಂಡು, ಮೇಲಿನಿಂದ ಮತ್ತೆ ಬಲಕ್ಕೇ ಹೋಗಿತ್ತು. ಬೂದಿಯ ಬಿಳಿ ಗೆರೆ ಆ ಬಾಗಿನ ಸುತ್ತ ಎಲ್ಲೂ ಕಡಿಯದೆ ಹರಿದಿತ್ತು. ಸಮುದ್ರ ಉಸಿರು ಬಿಟ್ಟ ಒಂದೇ ಒಂದು ಸಲ, ಅಲ್ಲಿತ್ತು, ಪೂರ್ತಿಯಾಗಿ.

ಕ್ಯಾಮೆರಾ ತೆಗೆದೆ. ಅಳತೆಗೆ ಯಾರಾದರೂ ನಿಲ್ಲಬೇಕಲ್ಲ. ಹುಡುಗಿ ಸರಿದು ನನಗೆ ಜಾಗ ಬಿಟ್ಟಳು. ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟು, ಬಾಗಿದ ಜಾಗದ ಪಕ್ಕದಲ್ಲೇ ನಿಲ್ಲು ಎಂದೆ. ನಿಂತಳು. ಅವಳು ನಗಲಿಲ್ಲ. ನಗು ಎಂದು ನಾನೂ ಹೇಳಲಿಲ್ಲ. ಫೋಟೋ ತೆಗೆದೆ.